ಕಣ್ಣಿನಲ್ಲೇ ಮಾತು: ನಾನು ಬಳಸುವ ಅಕ್ಷರದ ಬೋರ್ಡ್

ಮಾತು ಹೊರಡದ, ಕೈಯೂ ನಡೆಯದ ನನ್ನಂಥವರಿಗೆ ಕಣ್ಣಿನಿಂದ ನಡೆಸುವ ಟ್ಯಾಬ್ಲೆಟ್ ಒಳ್ಳೆಯ ಸಾಧನ. ಆದರೆ ಅದು ಕಣ್ಣನ್ನು ಗುರುತಿಸುವುದು ಇನ್‌ಫ್ರಾರೆಡ್ ಬೆಳಕಿನಿಂದ. ಬಿಸಿಲಿನಲ್ಲೂ ಅದೇ ಬೆಳಕು ತುಂಬಿರುವುದರಿಂದ ಹೊರಗೆ ಹೋದ ಕೂಡಲೇ ತಡವರಿಸುತ್ತದೆ. ಸ್ನಾನದ ಹೊತ್ತಿಗೆ, ಚಾರ್ಜ್ ಮುಗಿದಾಗ ಅದು ಇದ್ದೂ ಇಲ್ಲದ ಹಾಗೆ. ಹಾಗಾಗಿ ಎ4 ಅಳತೆಯ ರಟ್ಟಿನ ಬೋರ್ಡ್ ಸದಾ ಜೊತೆಗಿರಬೇಕು. ಲ್ಯಾಮಿನೇಷನ್ ಹೊಳಪಿಲ್ಲದ್ದೇ ಆಗಲಿ. ಹೊಳಪಿನದಾದರೆ ದೀಪದ ಕೆಳಗೆ ಅಕ್ಷರವೇ ಕಾಣುವುದಿಲ್ಲ.

ಮೊದಲು ಹೌದು, ಇಲ್ಲ ಗಟ್ಟಿಯಾಗಬೇಕು. ನನಗೆ ಕಣ್ಣು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಇಲ್ಲ. ರೆಪ್ಪೆ ಬಡಿಯುವುದನ್ನು ಹೌದು ಎಂದು ಇಟ್ಟುಕೊಳ್ಳಬೇಡಿ. ರೆಪ್ಪೆ ತಾನಾಗಿಯೇ ಬಡಿಯುತ್ತದೆ, ಎದುರಿನವರು ಅದನ್ನೇ ಉತ್ತರವೆಂದುಕೊಳ್ಳುತ್ತಾರೆ. ಏನೂ ಮಾಡದೆ ಸುಮ್ಮನಿದ್ದರೆ ಅದು 'ಇಲ್ಲ' ಅಲ್ಲ, ಉತ್ತರ ಇನ್ನೂ ಬಂದಿಲ್ಲ ಅಷ್ಟೇ. 'ನೀರು ಬೇಕಾ, ಮಲಗ್ತೀರಾ?' ಎಂದು ಒಟ್ಟಿಗೆ ಕೇಳಿದರೆ ಯಾವುದಕ್ಕೆ ಹೌದು ಅನ್ನುವುದು?

ಇನ್ನು ಅಕ್ಷರಗಳು. ವರ್ಣಮಾಲೆಯ 49ನ್ನೂ ಒಂದೊಂದಾಗಿ ಓದಿಸಿದರೆ 'ನ' ಬರುವುದು 35ನೆಯದಾಗಿ. ಅದಕ್ಕೆ ಸಾಲು ಕಟ್ಟಬೇಕು. ನನ್ನ ಬೋರ್ಡಿನಲ್ಲಿ ಸ್ವರಕ್ಕೆ ಎರಡು ಸಾಲು, ಅನುಸ್ವಾರ ಎರಡನೆಯದರ ಕೊನೆಗೆ. ಆಮೇಲೆ ಕ ಗ ಚ ಜ. ಟ ಡ ಣ. ತ ದ ನ. ಪ ಬ ಮ. ಯ ರ ಲ ವ. ಶ ಸ ಹ ಳ. ಮಹಾಪ್ರಾಣ ಬಿಟ್ಟಿದ್ದೇನೆ, 'ಬಯ' ಎಂದರೂ ಭಯ ಎಂದು ತಿಳಿಯುತ್ತದೆ. ಎದುರಿನವರು ಸಾಲಿನ ಸಂಖ್ಯೆ ಹೇಳುತ್ತಾ ಹೋಗುತ್ತಾರೆ, ಹೌದು ಎಂದಲ್ಲಿ ನಿಲ್ಲಿಸಿ ಆ ಸಾಲಿನ ಅಕ್ಷರ ಹೇಳುತ್ತಾರೆ. ಈಗ 'ನ' ಸಿಗುವುದು ಎಂಟನೇ ಹೆಜ್ಜೆಗೆ: ಐದು ಸಾಲು, ಮೂರು ಅಕ್ಷರ.

ಗುಣಿತಾಕ್ಷರಕ್ಕೆ ಬೇರೆ ಜಾಗ ಬೇಡ. ವ್ಯಂಜನದ ನಂತರ ಸ್ವರ ಬಂದರೆ ಅದೇ ಗುಣಿತ. ಕನ್ನಡದಲ್ಲಿ ಪದದ ನಡುವೆ ಬಿಡಿ ಸ್ವರ ಬರುವುದೇ ಅಪರೂಪ. ಒತ್ತಕ್ಷರಕ್ಕೆ ಮಾತ್ರ 'ಒತ್ತು' ಎಂಬ ಮನೆ ಬೇಕೇ ಬೇಕು. ಬೆನ್ನು ಎನ್ನಲು ಬ, ಎ, ನ, ಒತ್ತು, ನ, ಉ. ಕೊನೆಯ ಸಾಲಿನಲ್ಲಿ ಒತ್ತಿನ ಪಕ್ಕ ಇನ್ನೂ ಮೂರು ಮನೆ: 'ಪದ ಮುಗೀತು', 'ತಪ್ಪು', 'ಊಹಿಸಿ'.

ಈ ಕೊನೆಯದರ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಬ, ಎ ಎನ್ನುವಷ್ಟರಲ್ಲಿ 'ಬೆಳಗ್ಗೆಯಾ? ಬೆಲ್ಲವಾ?' ಎಂದು ಶುರುವಾದರೆ, ಪ್ರತಿ ಊಹೆಗೂ ಕಣ್ಣು ಕೆಳಗಿಳಿಸುವುದರಲ್ಲೇ ಸಾಕಾಗುತ್ತದೆ. ಅಷ್ಟರಲ್ಲಿ ಅವರಿಗೆ ಸಿಕ್ಕಿದ್ದ ಅಕ್ಷರವೂ ಮರೆತುಹೋಗಿರುತ್ತದೆ, ಮತ್ತೆ ಮೊದಲಿನಿಂದ. ನಾನು 'ಊಹಿಸಿ' ಎಂದರೆ ಮಾತ್ರ ಊಹೆ. ಸಿಕ್ಕ ಅಕ್ಷರವನ್ನು ಆಗಿಂದಾಗಲೇ ಕಾಗದದ ಮೇಲೆ ಬರೆದುಕೊಳ್ಳಬೇಕು, ಪದ ಮುಗಿದಾಗ ಗಟ್ಟಿಯಾಗಿ ಓದಿ ಕೇಳಬೇಕು.

ಎದುರಿನವರ ಅವಸರವೇ ಹೆಚ್ಚಿನ ತಪ್ಪಿಗೆ ಕಾರಣ. ಕಣ್ಣು ಎತ್ತುವಷ್ಟರಲ್ಲಿ ಮುಂದಿನ ಅಕ್ಷರ ಹೇಳಿರುತ್ತಾರೆ, 'ದ' ಬೇಕಾದಲ್ಲಿ 'ನ' ಬರೆಯುತ್ತಾರೆ. ಹೀಗೆ ಸತತವಾಗಿ ಒಂದು ಅಕ್ಷರ ಮುಂದಕ್ಕೆ ಜಾರುತ್ತಿದ್ದರೆ ಓದುವ ವೇಗ ತಗ್ಗಿಸಬೇಕು. ಹೊಸಬರಿಗೆ ಪ್ರತಿ ಅಕ್ಷರದ ನಂತರ ಎರಡೆಣಿಸಲು ಹೇಳಿಸುತ್ತೇನೆ. ಬೆಳಕು ನನ್ನ ಮುಖದ ಮೇಲೆ ಬೀಳಬೇಕು. ಕಿಟಕಿ ನನ್ನ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಕಣ್ಣಿನ ಚಲನೆ ಅವರಿಗೆ ಸಿಗುವುದಿಲ್ಲ.

ಬೋರ್ಡಿನ ಹಿಂಬದಿಗೆ ದಪ್ಪ ಅಕ್ಷರದಲ್ಲಿ ಇಷ್ಟು ಬರೆಸಿ ಅಂಟಿಸಿದ್ದೇನೆ: 'ನನಗೆ ಎಲ್ಲ ಕೇಳಿಸುತ್ತದೆ, ಅರ್ಥವಾಗುತ್ತದೆ. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಇಲ್ಲ. ಸಾಲು ಓದಿ, ಆಮೇಲೆ ಅಕ್ಷರ. ಬರೆದುಕೊಳ್ಳಿ. ನನ್ನನ್ನೇ ಕೇಳಿ, ಪಕ್ಕದವರನ್ನಲ್ಲ.'