ಕೆಆರ್‌ಎಸ್ ಬಿಟ್ಟು ಕೋಳಿ ಡ್ರಿಂಕರ್ ಹಿಡಿದ ಮೇಲೆ ಹಾಫ್ ಲೈಫ್ ಕೈಗೆ ಸಿಕ್ಕಿತು

ಮಂಡ್ಯದ ಒಂದು ಡಿ.ಫಾರ್ಮ ಕಾಲೇಜಿನಲ್ಲಿ ನಾನು ಫಾರ್ಮಕಾಲಜಿ ಮೇಷ್ಟ್ರು. ಹತ್ತು ಹನ್ನೆರಡು ವರ್ಷ ಆಯಿತು. ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಅದೇ ಕೆಲಸದವರು ಅಂದುಕೊಂಡು ಬರೆಯುತ್ತಿದ್ದೇನೆ. ಕ್ಲಿಯರೆನ್ಸ್ ಅಂದರೇನು, ಸ್ಟೆಡಿ ಸ್ಟೇಟ್ ಅಂದರೇನು ಅಂತ ನಾನು ನಿಮಗೆ ಹೇಳಬೇಕಿಲ್ಲ. ಬೇರೆಯವರಿಗೆ ಒಂದೆರಡು ಮಾತು: ದೇಹ ನಿಮಿಷಕ್ಕೆ ಎಷ್ಟು ರಕ್ತದಿಂದ ಔಷಧಿ ತೆಗೆದುಹಾಕುತ್ತೆ ಅನ್ನೋದು ಕ್ಲಿಯರೆನ್ಸ್, ರಕ್ತದಲ್ಲಿನ ಔಷಧಿ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು ಹಾಫ್ ಲೈಫ್, ಬರೋದೂ ಹೋಗೋದೂ ಸಮವಾಗಿ ಔಷಧಿಯ ಮಟ್ಟ ನಿಲ್ಲೋದು ಸ್ಟೆಡಿ ಸ್ಟೇಟ್. ಅದಕ್ಕೆ ಸುಮಾರು ಐದು ಹಾಫ್ ಲೈಫ್ ಬೇಕು. ಅದನ್ನು ಹದಿನೆಂಟು ವರ್ಷದ ಹುಡುಗರ ತಲೆಗೆ ಹಾಕೋದು ಹೇಗೆ ಅನ್ನೋದಷ್ಟೇ ಇಲ್ಲಿನ ವಿಷಯ.

ನಮ್ಮ ಕಾಲದಲ್ಲಿ ಶೆರಿಂಗ್ಟನ್ ಡ್ರಮ್ ಇತ್ತು, ಸ್ನಾಯು ಸೆಳೆದಷ್ಟೂ ಗೆರೆ ಮೂಡಿಸಿಕೊಳ್ಳುವ ತಿರುಗುವ ಸಿಲಿಂಡರ್. ಹೊಗೆ ಹಿಡಿಸಿದ ಕಾಗದ, ಕಪ್ಪೆಯ ಸ್ನಾಯು, ಅಸಿಟೈಲ್‌ಕೋಲಿನ್. ಕೈಗೆಲ್ಲ ಮಸಿ ಆಗುತ್ತಿತ್ತು, ಆದರೆ ಡೋಸ್ ಜಾಸ್ತಿ ಮಾಡಿದರೆ ಗೆರೆ ಮೇಲೇರೋದು ಕಣ್ಣಿಗೆ ಕಾಣುತ್ತಿತ್ತು. ಈಗ ಪ್ರಾಣಿ ಇಲ್ಲ, ಇರಲೂಬಾರದು, ಅದಕ್ಕೆ ನನ್ನ ತಕರಾರಿಲ್ಲ. ಅದರ ಬದಲು ಪ್ರೊಜೆಕ್ಟರ್ ಮೇಲೆ ಸಿಮ್ಯುಲೇಶನ್. ಬಟನ್ ಒತ್ತಿದರೆ ಗ್ರಾಫ್ ಬರುತ್ತದೆ. ಹುಡುಗರು ಅದನ್ನು ರೆಕಾರ್ಡಿಗೆ ಬರೆದುಕೊಳ್ಳುತ್ತಾರೆ, ಊಟಕ್ಕೆ ಹೋಗುತ್ತಾರೆ. ಇಂಟರ್ನಲ್‌ನಲ್ಲಿ "ಹಾಫ್ ಲೈಫ್ 6 ಗಂಟೆ ಇದ್ದರೆ ಸ್ಟೆಡಿ ಸ್ಟೇಟ್‌ಗೆ ಎಷ್ಟು ಹೊತ್ತು?" ಅಂತ ಕೇಳಿದರೆ ಅರವತ್ತು ಜನರಲ್ಲಿ ಹತ್ತು ಹನ್ನೆರಡು ಜನ ಸರಿ ಬರೆಯುತ್ತಿದ್ದರು. ಅದರಲ್ಲೂ ಅರ್ಧ ಜನ ಪಕ್ಕದವರದ್ದು ನೋಡಿಕೊಂಡು.

ಮಂಡ್ಯದ ಹುಡುಗರಿಗೆ ಏನು ಚೆನ್ನಾಗಿ ಗೊತ್ತು? ಕೆಆರ್‌ಎಸ್. ಮಳೆಗಾಲ ಬಂದರೆ ಪ್ರತಿ ಮನೆಯಲ್ಲೂ ಬೆಳಿಗ್ಗೆ ಪೇಪರ್ ತೆಗೆದು ಮೊದಲು ನೋಡೋದೇ ಅದು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಳಹರಿವು ಅಂದರೆ ಡೋಸ್, ಹೊರಹರಿವು ಅಂದರೆ ಕಿಡ್ನಿ, ಮಟ್ಟ ಅಂದರೆ ರಕ್ತದಲ್ಲಿನ ಔಷಧಿ. ಇದಕ್ಕಿಂತ ಒಳ್ಳೆ ಹೋಲಿಕೆ ಬೇಕಾ? ನಾನಂತೂ ಕುಣಿದುಬಿಟ್ಟೆ.

ಮೈಸೂರಿನಲ್ಲಿ ಒಬ್ಬರ ಕೈಲಿ ಅಕ್ರಿಲಿಕ್ ತೊಟ್ಟಿ ಮಾಡಿಸಿದೆ. 3,800 ರೂಪಾಯಿ ಚಿಲ್ಲರೆ. ತಳದಲ್ಲಿ ಒಂದು ನಲ್ಲಿ, ಪಕ್ಕದಲ್ಲಿ ಸ್ಕೇಲ್. ಮೊದಲ ದಿನವೇ ಮೂಲೆಯಲ್ಲಿ ಸೋರಿತು. ಎಂ ಸೀಲ್ ಹಚ್ಚಿ ಕ್ಲಾಸಿಗೆ ತಂದೆ. ನೀರು ತುಂಬಿ, ನಲ್ಲಿ ಬಿಟ್ಟು, ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಅಂತ ಹುಡುಗರ ಕೈಯಲ್ಲಿ ಮೊಬೈಲ್ ಟೈಮರ್ ಕೊಟ್ಟೆ. ಅರ್ಧಕ್ಕೆ ಮೂರು ನಿಮಿಷ. ಅರ್ಧದಿಂದ ಕಾಲಿಗೆ ಎರಡು ನಿಮಿಷ. ಕಾಲಿನಿಂದ ಅರೆಕಾಲಿಗೆ ಒಂದೂವರೆ ನಿಮಿಷವೂ ಇಲ್ಲ. ಒಟ್ಟು ಹತ್ತು ನಿಮಿಷದಲ್ಲಿ ತೊಟ್ಟಿ ಖಾಲಿ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಹಾಫ್ ಲೈಫ್ ಬದಲಾಗಲ್ಲ ಅಂದ್ರಿ. ಇಲ್ಲಿ ಕಡಿಮೆ ಆಗ್ತಾ ಹೋಗ್ತಿದೆಯಲ್ಲ?"

ಉತ್ತರ ಇರಲಿಲ್ಲ. ತೊಟ್ಟಿ ಸೋರುತ್ತಿದೆ ಅಂತ ಸುಳ್ಳು ಹೇಳಿ ಪಾರಾದೆ.

ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ಗೆಳೆಯನೊಬ್ಬನಿದ್ದಾನೆ. ಸಂಜೆ ಕಾಫಿಗೆ ಸಿಕ್ಕಾಗ ಕೇಳಿದೆ. ಅವನು ನಕ್ಕೇ ನಕ್ಕ. ತಳದ ತೂತಿನಿಂದ ನೀರು ಹೊರಬೀಳುವ ವೇಗ ಎತ್ತರಕ್ಕೆ ಸಮವಾಗಿ ಇಳಿಯೋದಿಲ್ಲ, ಎತ್ತರದ ವರ್ಗಮೂಲಕ್ಕೆ ಇಳಿಯುತ್ತೆ, ಟಾರಿಚೆಲ್ಲಿ ನಿಯಮ ಮರೆತುಬಿಟ್ಯಾ ಅಂದ. ನೀರು ಕಾಲು ಭಾಗಕ್ಕೆ ಇಳಿದಾಗ ಹೊರಹರಿವೂ ಕಾಲು ಭಾಗ ಆಗಬೇಕಿತ್ತು, ಆದರೆ ಅರ್ಧ ಮಾತ್ರ ಆಗುತ್ತಿತ್ತು. ಅಂದರೆ ನನ್ನ ತೊಟ್ಟಿ ಫಸ್ಟ್ ಆರ್ಡರೂ (ಇರೋದಕ್ಕೆ ತಕ್ಕಷ್ಟು ಹೊರಹೋಗೋದು) ಅಲ್ಲ, ಝೀರೋ ಆರ್ಡರೂ (ಎಷ್ಟಿದ್ದರೂ ಒಂದೇ ವೇಗದಲ್ಲಿ ಹೋಗೋದು) ಅಲ್ಲ, ಮಧ್ಯದಲ್ಲಿ ನೇತಾಡುತ್ತಿತ್ತು. ಎಷ್ಟು ಪಾಠದಲ್ಲಿ ಈ ತೂತಿನ ಬಕೆಟ್ ಚಿತ್ರ ಬರುತ್ತೆ ಗೊತ್ತಲ್ಲ? ಚಿತ್ರವಾಗಿ ಇರಲಿ. ಟೈಮರ್ ಹಿಡಿದು ಮಾತ್ರ ಮಾಡಬೇಡಿ.

ಅಲ್ಲಿಂದ ಸುಮಾರು ಒಂದು ವರ್ಷ ಕೈ ಹಾಕಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತ್ರ ನನ್ನ ತೊಟ್ಟಿ ಜೋಕ್ ಆಗಿತ್ತು. ಮೈಸೂರಿನಲ್ಲಿ ಪಾಠ ಮಾಡುವ ಹಳೆಯ ಸಹಪಾಠಿಯಂತೂ ಪ್ರತಿ ಸಲ ಫೋನ್ ಮಾಡಿದಾಗಲೂ "ಏನ್ರೀ, ಡ್ಯಾಂ ತುಂಬಿತಾ?" ಅಂತ ಕೇಳುತ್ತಿದ್ದರು.

ಪಾತ್ರೆ ತೊಳೆಯುವಾಗ ಹೊಳೆದಿದ್ದು ಇದು. ಸೋಪಿನ ನೀರು ತುಂಬಿದ ಪಾತ್ರೆಯನ್ನು ನಲ್ಲಿ ಕೆಳಗೆ ಇಟ್ಟರೆ ನೀರಿನ ಮಟ್ಟ ಇಳಿಯೋದಿಲ್ಲ. ಸೋಪು ಇಳಿಯುತ್ತದೆ. ಪಾತ್ರೆ ತುಂಬಿ ಹೊರಗೆ ಚೆಲ್ಲುತ್ತಾ ಒಳಗಿನದು ತಿಳಿಯಾಗುತ್ತದೆ. ದೇಹವೂ ಹಾಗೇ ಅಲ್ವಾ? ರಕ್ತ ಖಾಲಿಯಾಗಲ್ಲ, ರಕ್ತದೊಳಗಿನ ಔಷಧಿ ಖಾಲಿಯಾಗುತ್ತೆ. ಕೆಆರ್‌ಎಸ್‌ನಲ್ಲಿ ನಾನು ತಪ್ಪಿದ್ದು ಅಲ್ಲೇ. ನೀರು ಇಳಿಸಬಾರದು, ನೀರಿನಲ್ಲಿರೋದನ್ನು ಇಳಿಸಬೇಕು.

ಲೆಕ್ಕ ಸುಲಭ. 1 ಲೀಟರ್ ಜಾರ್, ಮೇಲೆ ಹೊರಚೆಲ್ಲಲು ಒಂದು ತೂತು, ನಿಮಿಷಕ್ಕೆ 70 ಎಂಎಲ್ ಹರಿವು. ಹಾಫ್ ಲೈಫ್ ಲೆಕ್ಕದ ಸ್ಥಿರಾಂಕ 0.693 ಅನ್ನು ಸಾವಿರದಿಂದ ಗುಣಿಸಿ 70ರಿಂದ ಭಾಗಿಸಿ. ಹತ್ತು ನಿಮಿಷದ ಹಾಫ್ ಲೈಫ್. ಒಂದು ಪ್ರಾಕ್ಟಿಕಲ್ ಪೀರಿಯಡ್‌ಗೆ ಅಳತೆ ಮಾಡಿಸಿದ ಹಾಗೆ.

ಲೆಕ್ಕ ಸುಲಭ ಅಂದೆ, ಕೆಲಸ ಅಲ್ಲ. ಮೊದಲು ನೀಲಿ ಇಂಕ್ ಹಾಕಿ ನೋಡಿದೆ. ಬಣ್ಣ ತಿಳಿಯಾಗೋದು ಚೆನ್ನಾಗಿ ಕಾಣುತ್ತೆ, ಆದರೆ ಅರ್ಧ ಆಯಿತೋ ಕಾಲಾಯಿತೋ ಅಂತ ಕಣ್ಣಿಗೆ ಹೇಳಲಾಗಲ್ಲ. ಲ್ಯಾಬಿನ ಕಲರಿಮೀಟರ್ ಕೆಟ್ಟು ಕೂತಿತ್ತು, ರಿಪೇರಿಗೆ ಹೇಳಿದ ರೇಟ್ ಕೇಳಿ ಸುಮ್ಮನಾದೆ. ಕೊನೆಗೆ ಉಪ್ಪು. ಅಡುಗೆ ಉಪ್ಪು ಮತ್ತು ವಾಟರ್ ಫಿಲ್ಟರ್ ಹುಡುಗರು ಜೇಬಿನಲ್ಲಿಟ್ಟುಕೊಂಡು ತಿರುಗುವ, ನೀರಿನಲ್ಲಿ ಕರಗಿರೋದನ್ನು ಅಳೆಯುವ ಟಿಡಿಎಸ್ ಮೀಟರ್. ಆನ್‌ಲೈನ್‌ನಲ್ಲಿ ಇನ್ನೂರು ರೂಪಾಯಿ ಆಸುಪಾಸು. 1 ಲೀಟರ್‌ಗೆ 1 ಗ್ರಾಂ ಉಪ್ಪು ಹಾಕಿದರೆ ಸಾವಿರದ ಹತ್ತಿರ ಏರುತ್ತೆ. ಅರ್ಧ ಆದರೆ 500. ಓದೋದಕ್ಕೆ ಮೂರನೇ ಕ್ಲಾಸ್ ಮಗುವಿಗೂ ಬರುತ್ತೆ.

ಹರಿವು ಒಂದೇ ಸಮ ಇಡೋದು ದೊಡ್ಡ ತಲೆನೋವಾಯಿತು. 12 ವೋಲ್ಟಿನ ಸಣ್ಣ ಡೋಸಿಂಗ್ ಪಂಪ್ ತರಿಸಿದೆ, ಏಳುನೂರು ರೂಪಾಯಿ. ಎರಡು ವಾರದಲ್ಲಿ ಅದರ ರಬ್ಬರ್ ಟ್ಯೂಬ್ ಹರಿಯಿತು. ಇನ್ನೊಂದು ತರಿಸಿದೆ, ಅದರ ಮೋಟಾರ್ ಸುಟ್ಟಿತು. ಪಂಪ್ ಬೇಡ ಅಂತ 20 ಲೀಟರ್ ಕ್ಯಾನ್ ಮೇಲೆ ಏರಿಸಿ ಐವಿ ಸೆಟ್ (ಆಸ್ಪತ್ರೆಯ ಡ್ರಿಪ್ ಟ್ಯೂಬ್) ಹಾಕಿದರೆ, ಕ್ಯಾನ್ ಖಾಲಿಯಾಗುತ್ತಾ ಹರಿವೂ ನಿಧಾನ. ಮತ್ತೆ ಅದೇ ಟಾರಿಚೆಲ್ಲಿ ಮಹಾಶಯ! ಅಷ್ಟೊತ್ತಿಗೆ ತೊಟ್ಟಿ ಸೇರಿ ಎಂಟು ಒಂಬತ್ತು ಸಾವಿರ ಕೈಬಿಟ್ಟಿತ್ತು. ಮನೆಯಲ್ಲಿ ಅರ್ಧ ಮಾತ್ರ ಹೇಳಿದ್ದೆ.

ಮದ್ದೂರಿನ ಹತ್ತಿರ ನೆಂಟರ ಕೋಳಿ ಫಾರಂಗೆ ಹೋಗಿದ್ದಾಗ ಉತ್ತರ ಸಿಕ್ಕಿತು. ಕೋಳಿಗೆ ನೀರಿಡುವ ಡ್ರಿಂಕರ್ ನೋಡಿದ್ದೀರಲ್ಲ? ಡಬ್ಬಿ ಬೋರಲು ಕೂತಿರುತ್ತೆ, ಕೆಳಗೆ ತಟ್ಟೆ. ಕೋಳಿ ಎಷ್ಟು ಕುಡಿದರೂ ತಟ್ಟೆಯ ಮಟ್ಟ ಅಷ್ಟೇ. ಮಟ್ಟ ಇಳಿದ ತಕ್ಷಣ ಒಂದು ಗುಳ್ಳೆ ಮೇಲೆ ಹೋಗುತ್ತೆ, ಅಷ್ಟು ನೀರು ಕೆಳಗೆ ಬರುತ್ತೆ. ಆ ತಟ್ಟೆಯಿಂದ ಜಾರ್‌ಗೆ ಐವಿ ಸೆಟ್ ಇಳಿಬಿಟ್ಟರೆ ಮುಗಿಯಿತು, ಹರಿವು ಒಂದೇ ಸಮ. ಡ್ರಿಂಕರ್ ನೂರೈವತ್ತು ರೂಪಾಯಿಯೂ ಇಲ್ಲ. ಎರಡು ಐವಿ ಸೆಟ್ ಹಾಕಿ, ಒಂದೊಂದನ್ನು ನಿಮಿಷಕ್ಕೆ 35 ಎಂಎಲ್‌ಗೆ ಕ್ಲ್ಯಾಂಪ್ ಮಾಡಿ. ಎರಡು ಯಾಕೆ ಅಂತ ಮುಂದೆ ಹೇಳುತ್ತೇನೆ.

ಉಪ್ಪಿನದ್ದೂ ಒಂದು ಕಾಟ ಇತ್ತು. 1 ಗ್ರಾಂ ಉಪ್ಪನ್ನು 5 ಎಂಎಲ್ ನೀರಿನಲ್ಲಿ ಕರಗಿಸಿ ಸಿರಿಂಜಿನಲ್ಲಿ ಜಾರ್‌ಗೆ ಬಿಟ್ಟರೆ, ಅದು ಭಾರ, ಸೀದಾ ತಳಕ್ಕೆ ಹೋಗಿ ಮಲಗಿತು. ಮೇಲಿನ ತೂತಿನಿಂದ ಬರೀ ಸಿಹಿನೀರು ಹೋಗುತ್ತಿತ್ತು. ಅರ್ಧ ಗಂಟೆಯಾದರೂ ಮೀಟರ್ ಅಲ್ಲಾಡಲಿಲ್ಲ. ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪ್ ತಂದು ಗುಳ್ಳೆ ಬಿಟ್ಟ ಮೇಲೆ ಸರಿಹೋಯಿತು. ನಮ್ಮ ಅಟೆಂಡರ್ ಬಾಗಿಲಲ್ಲಿ ನಿಂತು ನೋಡಿ "ಏನ್ ಸಾ, ಮೀನ್ ಸಾಕ್ತೀರಾ? ಕಟ್ಲಾ ಬುಡಿ ಸಾ" ಅಂದರು. ಇನ್ನು ಹೊರಚೆಲ್ಲುವ ತೂತು. ಅಲ್ಲಿ ನೀರು ಒಮ್ಮೆ ನಿಂತು, ಒಮ್ಮೆ ಗುಳಕ್ ಅಂತ ಹೋಗುತ್ತದೆ, ಅದರಿಂದ ಜಾರ್‌ನ ವಾಲ್ಯೂಮ್ ಏರುಪೇರು. ಅದಕ್ಕೊಂದು ಉಪಾಯ ಮಾಡಿದ್ದೇನೆ, ಅಡುಗೆಮನೆಯಲ್ಲೇ ಸಿಗುವ ವಸ್ತು, ಅದನ್ನು ಇಲ್ಲಿ ಹೇಳಲ್ಲ. ಎಲ್ಲ ಬರೆದುಬಿಟ್ಟರೆ ನನಗೇನು ಉಳಿಯುತ್ತೆ?

ಕಾವೇರಿ ನಲ್ಲಿ ನೀರೇ ಬಳಸಿ. ನಮ್ಮ ಕಾಲೇಜಿನ ಬೋರ್‌ವೆಲ್ ನೀರು ಬರಿದೇ ಅಳೆದರೆ ಒಂಬೈನೂರು ಮೇಲೆ ತೋರಿಸುತ್ತೆ, ಅದರಲ್ಲಿ ಉಪ್ಪು ಹುಡುಕೋದು ಹೇಗೆ? ನಲ್ಲಿ ನೀರು ನಮ್ಮಲ್ಲಿ 180ರ ಆಸುಪಾಸು. ಅದನ್ನು ಕಳೆದುಕೊಂಡು ಬರೆಯಬೇಕು. ಒಬ್ಬ ಹುಡುಗ ಕಳೆಯೋದು ಮರೆತು "ಔಷಧಿ ಸೊನ್ನೆಗೆ ಬರೋದೇ ಇಲ್ಲ ಸಾರ್" ಅಂದ. ಬೇಸ್‌ಲೈನ್ ಪಾಠ ಬಿಟ್ಟಿ ಸಿಕ್ಕಿತು.

ಆ ದಿನದ ರೀಡಿಂಗ್ ಹೇಳುತ್ತೇನೆ, ನೆನಪಿನಿಂದ. ಡೋಸ್ ಬಿದ್ದ ತಕ್ಷಣ 1180. ಹತ್ತು ನಿಮಿಷಕ್ಕೆ 690. ಇಪ್ಪತ್ತಕ್ಕೆ 440. ಮೂವತ್ತಕ್ಕೆ 310. 180 ಕಳೆದು ನೋಡಿ. ಹಿಂದಿನ ಬೆಂಚಿನ ಆ ಹುಡುಗಿ ಪಾಸಾಗಿ ಹೋಗಿದ್ದಳು, ಅದೊಂದು ಬೇಜಾರು.

ಆಮೇಲೆ ಪ್ರತಿ ಹತ್ತು ನಿಮಿಷಕ್ಕೆ 1 ಗ್ರಾಂ ಕೊಡುತ್ತಾ ಹೋದೆವು. ಬೇಸ್‌ಲೈನ್ ಕಳೆದರೆ 1000, 1500, 1750, 1870. ಐದನೇ ಡೋಸಿಗೆ 1900 ದಾಟಿತು. ಆಮೇಲೆ ಎಷ್ಟು ಕೊಟ್ಟರೂ 2000 ದಾಟುತ್ತಿಲ್ಲ. "ಯಾಕೆ ಏರ್ತಿಲ್ಲ ಸಾರ್?" ಅಂತ ಅವರೇ ಕೇಳಿದರು. ಹತ್ತು ವರ್ಷ ಬೋರ್ಡಿನ ಮೇಲೆ ಗ್ರಾಫ್ ಬರೆದಿದ್ದೇನೆ, ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಜಾರ್ ಖಾಲಿ ಮಾಡಿ, ಮೊದಲ ಡೋಸ್ 2 ಗ್ರಾಂ, ಆಮೇಲೆ ಒಂದೊಂದು ಗ್ರಾಂ. ಮೊದಲ ಸಿರಿಂಜಿಗೇ 2000. ಲೋಡಿಂಗ್ ಡೋಸ್ ಪಾಠ ಅಲ್ಲಿಗೆ ಮುಗಿಯಿತು.

ಈಗ ಎರಡು ಐವಿ ಸೆಟ್ ವಿಷಯ. ಒಂದನ್ನು ಮುಚ್ಚಿದೆ. ಡೋಸ್ ಅದೇ, ಸಮಯ ಅದೇ. ಒಂದು ಗಂಟೆಯಲ್ಲಿ ಮೀಟರ್ 3400 ದಾಟಿತು. ಯಾರೂ ಮಾತಾಡಲಿಲ್ಲ. ಕಿಡ್ನಿ ಸೋತವರಿಗೆ, ಕಿಡ್ನಿಯಿಂದ ಹೊರಹೋಗುವ ಹೃದಯದ ಔಷಧಿ ಡಿಗಾಕ್ಸಿನ್ ಡೋಸ್ ಯಾಕೆ ಇಳಿಸುತ್ತಾರೆ ಅಂತ ಬಿಡಿಸಿ ಹೇಳುವ ಕೆಲಸ ಉಳಿಯಲಿಲ್ಲ. ಒಂದು ಎಚ್ಚರಿಕೆ ಮಾತ್ರ: ಸೆಟ್ ಎರಡು ಇದ್ದರೂ ಅದನ್ನು "ಎರಡು ಕಿಡ್ನಿ" ಅಂತ ಕರೆಯಬೇಡಿ. ನಾನು ಕರೆದೆ, ತಪ್ಪಾಯಿತು. ಕಿಡ್ನಿ ದಾನ ಮಾಡಿದವರಲ್ಲಿ ಉಳಿದ ಕಿಡ್ನಿ ಕೆಲಸ ಹೆಚ್ಚಿಸಿಕೊಳ್ಳುತ್ತೆ, ನನ್ನ ಐವಿ ಸೆಟ್ ಹೆಚ್ಚಿಸಿಕೊಳ್ಳಲ್ಲ.

ಹೊರಚೆಲ್ಲಿದ ನೀರನ್ನು ಬಕೆಟ್‌ನಲ್ಲಿ ಹಿಡಿದಿದ್ದೆವು. "ಇದರಲ್ಲಿ ನಮ್ಮ ಉಪ್ಪೆಲ್ಲ ಇದೆಯಲ್ಲ ಸಾರ್, ಕುದಿಸಿದರೆ ವಾಪಸ್ ಸಿಗುತ್ತಾ?" ಅಂತ ಒಬ್ಬ ಕೇಳಿದ. ಆಗ 1941ರ ಆಕ್ಸ್‌ಫರ್ಡ್ ಕತೆ ಹೇಳಿದೆ. ಆಲ್ಬರ್ಟ್ ಅಲೆಕ್ಸಾಂಡರ್ ಅನ್ನುವ ಪೊಲೀಸ್ ಕಾನ್‌ಸ್ಟೇಬಲ್‌ಗೆ ಪೆನ್ಸಿಲಿನ್ ಕೊಟ್ಟರು, ಹುಷಾರಾಗುತ್ತಾ ಬಂದ. ಔಷಧಿ ಸಾಲಲಿಲ್ಲ. ಅವನ ಮೂತ್ರದಿಂದಲೇ ಪೆನ್ಸಿಲಿನ್ ಬೇರ್ಪಡಿಸಿ ಮತ್ತೆ ಚುಚ್ಚಿದರು. ಅದೂ ಮುಗಿಯಿತು, ಮನುಷ್ಯ ಉಳಿಯಲಿಲ್ಲ. ಪೆನ್ಸಿಲಿನ್‌ನ ಹಾಫ್ ಲೈಫ್ ಅರ್ಧ ಗಂಟೆ ಅಷ್ಟೇ. ನಮ್ಮ ಜಾರ್‌ಗಿಂತ ಮೂರು ಪಟ್ಟು, ಅಷ್ಟೇ.

ಬೇರೆ ಪ್ರಯೋಗಗಳೂ ಆದವು, ಎಲ್ಲವೂ ಗೆಲ್ಲಲಿಲ್ಲ. ಬಾಯಿಂದ ಕೊಡುವ ಡೋಸ್ ತೋರಿಸೋಣ ಅಂತ ಉಪ್ಪನ್ನು ಖಾಲಿ ಕ್ಯಾಪ್ಸೂಲ್‌ಗೆ ತುಂಬಿ ಜಾರ್‌ಗೆ ಬಿಟ್ಟೆ. ಡಿಸೆಂಬರ್ ಬೆಳಿಗ್ಗೆ, ನೀರು ತಣ್ಣಗೆ. ಜೆಲಟಿನ್ ಉಬ್ಬಿತೇ ಹೊರತು ಕರಗಲಿಲ್ಲ. ಡಿಸ್‌ಇಂಟಿಗ್ರೇಶನ್ ಟೆಸ್ಟ್ (ಮಾತ್ರೆ ಬಿಚ್ಚಿಕೊಳ್ಳುವ ಪರೀಕ್ಷೆ) 37 ಡಿಗ್ರಿಯಲ್ಲೇ ಮಾಡಿ ಅಂತ ನಾನೇ ಪಾಠ ಮಾಡೋನು! ಎಂಟೆರಿಕ್ ಕೋಟಿಂಗ್ (ಹೊಟ್ಟೆಯ ಆಮ್ಲದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪ) ಮಾತ್ರೆಯನ್ನು ನಿಂಬೆರಸದಲ್ಲೂ ಸೋಡಾಪುಡಿ ನೀರಲ್ಲೂ ಇಟ್ಟಿದ್ದು ಮಾತ್ರ ಚೆನ್ನಾಗಿ ಬಂತು. ನಿಂಬೆರಸದಲ್ಲಿ ಎರಡು ಗಂಟೆಯಾದರೂ ಮಾತ್ರೆ ಗುಂಡಾಗಿಯೇ ಇತ್ತು. ಸೋಡಾ ನೀರಲ್ಲಿ ಸಿಪ್ಪೆ ಬಿಟ್ಟು ಬಿಚ್ಚಿಕೊಂಡಿತು. ರಾಗಿ ಅಂಬಲಿಯಲ್ಲಿ ಪ್ಯಾರಸಿಟಮಾಲ್ ಇಟ್ಟವನು ಒಬ್ಬ ಇದ್ದ. ನೀರಿನಲ್ಲಿ ಐದು ನಿಮಿಷಕ್ಕೆ ಪುಡಿಯಾದ ಮಾತ್ರೆ ಅಂಬಲಿಯಲ್ಲಿ ಇಪ್ಪತ್ತು ನಿಮಿಷ ಕೂತಿತ್ತು. ಆ ಅಂಬಲಿ ಪಾತ್ರೆ ತೊಳೆಯೋದು ಯಾರು ಅಂತ ಜಗಳವೂ ಆಯಿತು.

ಜಾರ್‌ನಲ್ಲಿ ತೋರಿಸಲಾಗದ್ದು ಎನ್‌ಝೈಮ್ ಸ್ಯಾಚುರೇಶನ್, ಅಂದರೆ ಔಷಧಿ ಒಡೆಯುವ ಎನ್‌ಝೈಮ್‌ಗಳು ತಮ್ಮ ಮಿತಿ ಮುಟ್ಟೋದು. ಅದಕ್ಕೆ ಅವರೆಕಾಯಿ. ಸೀಸನ್‌ನಲ್ಲಿ ಎರಡು ಕೆಜಿ ತಂದು ಒಬ್ಬಳ ಮುಂದೆ ಸುರಿದೆ. ಅವಳ ಕೈ ನಿಮಿಷಕ್ಕೆ ಇಪ್ಪತ್ತು ಕಾಯಿ ಬಿಡಿಸುತ್ತೆ ಅನ್ನಿ. ಪಕ್ಕದವನು ನಿಮಿಷಕ್ಕೆ ಹದಿನೆಂಟು ಹಾಕಿದರೆ ತಟ್ಟೆ ಖಾಲಿ. ಇಪ್ಪತ್ತೆರಡು ಹಾಕಿದರೆ ರಾಶಿ ಏರುತ್ತಲೇ ಹೋಗುತ್ತೆ, ಎಲ್ಲೂ ನಿಲ್ಲಲ್ಲ. ಫಿಟ್ಸ್ ಔಷಧಿ ಫೆನಿಟಾಯಿನ್ ಡೋಸ್ ಸ್ವಲ್ಪವೇ ಜಾಸ್ತಿ ಮಾಡಿದರೂ ಯಾಕೆ ಅಪಾಯ ಅಂತ ಅವರೇ ಹೇಳಿದರು. ಇನ್ನಿಬ್ಬರನ್ನು ಬಿಡಿಸಲು ಕೂರಿಸಿದರೆ ಅದು ರಿಫಾಂಪಿಸಿನ್, ಎನ್‌ಝೈಮ್ ಹೆಚ್ಚಿಸುವ ಟಿಬಿ ಔಷಧಿ. ಆ ಕಾಳನ್ನು ಹಿದುಕಿಸಿ ಎರಡನೇ ಹಂತದ ಮೆಟಬಾಲಿಸಮ್ ಅನ್ನೋಣ ಅಂತಲೂ ಹೊರಟಿದ್ದೆ. ಅಲ್ಲಿ ಔಷಧಿಗೆ ಗ್ಲುಕುರೋನಿಕ್ ಆಸಿಡ್ ಅನ್ನುವ ಅಣು ಸೇರಬೇಕು, ಇಲ್ಲಿ ಸಿಪ್ಪೆ ಹೋಗುತ್ತೆ, ಹೋಲಿಕೆ ತಲೆಕೆಳಗು. ಬಿಟ್ಟೆ. ಕಾಳು ಮನೆಗೆ ಹೋಯಿತು, ಸಾರಾಯಿತು.

ಈಗ ಅದೇ ಇಂಟರ್ನಲ್ ಪ್ರಶ್ನೆಗೆ ಅರವತ್ತರಲ್ಲಿ ನಲವತ್ತಕ್ಕೂ ಜಾಸ್ತಿ ಜನ ಸರಿ ಬರೆಯುತ್ತಾರೆ. ಅದಕ್ಕಿಂತ ಖುಷಿ ಕೊಟ್ಟಿದ್ದು ಬೇರೆ. ಸಂಜೆ ಮೆಡಿಕಲ್ ಸ್ಟೋರ್‌ನಲ್ಲಿ ಕೆಲಸ ಮಾಡುವ ಹುಡುಗ ಬಂದು ಹೇಳಿದ: ಅಜ್ಜಿಯೊಬ್ಬರು ಅಮ್ಲೋಡಿಪಿನ್ ಮೂರು ದಿನ ತಿಂದು, ಬಿಪಿ ಇಳಿದಿಲ್ಲ ಅಂತ ಮಾತ್ರೆಯ ಸ್ಟ್ರಿಪ್ ವಾಪಸ್ ತಂದಿದ್ದರಂತೆ. "ಹಾಫ್ ಲೈಫೇ ಒಂದೂವರೆ ಎರಡು ದಿನ ಸಾರ್, ಜಾರ್ ತುಂಬೋಕೆ ವಾರ ಬೇಡ್ವಾ? ಬಿಡಬೇಡಿ ಅಜ್ಜಿ, ತಿನ್ನಿ, ಮುಂದಿನ ವಾರ ಡಾಕ್ಟ್ರಿಗೆ ತೋರಿಸಿ ಅಂದೆ." ಥೈರಾಯ್ಡ್ ಮಾತ್ರೆ ಡೋಸ್ ಬದಲಿಸಿದ ಮೇಲೆ ಆರು ವಾರ ಕಾದು ರಕ್ತ ಪರೀಕ್ಷೆ ಮಾಡೋದು ಯಾಕೆ ಅಂತಲೂ ಅವನೇ ಲೆಕ್ಕ ಹಾಕಿಕೊಂಡಿದ್ದ. ಏಳು ದಿನ ಹಾಫ್ ಲೈಫ್, ಐದು ಸಲ, ಮೂವತ್ತೈದು ದಿನ.

ಕೊನೆಯ ಮಾಡೆಲ್‌ಗೆ ಒಟ್ಟು ಖರ್ಚು 1,100 ರೂಪಾಯಿ ಒಳಗೆ. ಡ್ರಿಂಕರ್, ಜಾರ್, ಐವಿ ಸೆಟ್, ಏರ್ ಪಂಪ್, ಮೀಟರ್ ಎಲ್ಲ ಸೇರಿ. ಕಾಲೇಜಿಗೆ ಬಿಲ್ ಕೊಟ್ಟಿದ್ದೆ. "ಕೋಳಿ ಸಾಮಾನು, ಮೀನಿನ ಸಾಮಾನು, ಇದನ್ನು ಫಾರ್ಮಕಾಲಜಿ ಲ್ಯಾಬ್ ಲೆಕ್ಕದಲ್ಲಿ ಹೇಗೆ ತೋರಿಸೋದು?" ಅಂತ ವಾಪಸ್ ಬಂತು.

ಮೈಸೂರಿನ ಸಹಪಾಠಿ ಹೋದ ತಿಂಗಳು ಫೋನ್ ಮಾಡಿದ್ದರು. ಡ್ಯಾಂ ತುಂಬಿತಾ ಅಂತ ಕೇಳಲಿಲ್ಲ. ಅವರೂ ಜಾರ್ ಕಟ್ಟಿದ್ದಾರೆ, ತೂತಿನಲ್ಲಿ ನೀರು ಗುಳಕ್ ಅನ್ನುತ್ತಿದೆಯಂತೆ, ಏನು ಮಾಡೋದು ಅಂದರು. ಒಂದು ಭಾನುವಾರ ಮಂಡ್ಯಕ್ಕೆ ಬನ್ನಿ, ತೋರಿಸುತ್ತೇನೆ ಅಂದಿದ್ದೇನೆ. ಬರುವಾಗ ಅರ್ಧ ಕೆಜಿ ಮೈಸೂರು ಪಾಕ್ ತನ್ನಿ ಅಂತಲೂ ಹೇಳಿದ್ದೇನೆ.