ಕಣ್ಣಿಗಿಂತ ಮೊದಲು ಕಿವಿ: ನೃತ್ಯದ ಫೋಟೊ ತೆಗೆಯಲು ನಾನು ಕಲಿತ ದಾರಿ

ಬೆಂಗಳೂರಿನಲ್ಲಿ ಭರತನಾಟ್ಯ, ಯಕ್ಷಗಾನ, ನಾಟಕದ ಫೋಟೊ ತೆಗೆಯೋದು ನನ್ನ ಕೆಲಸ. ರಂಗಪ್ರವೇಶಗಳೇ ಜಾಸ್ತಿ, ಹೊಟ್ಟೆಪಾಡು ಅದರಿಂದಲೇ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರು ಬಂದು ಕೇಳೋದು ಯಾವಾಗಲೂ ಒಂದೇ: ಸರ್, ಯಾವ ಲೆನ್ಸ್? ಲೆನ್ಸ್ ಆಮೇಲೆ ನೋಡೋಣ, ಮೊದಲು ತಾಳ ಹಾಕೋದು ಕಲಿಯಿರಿ ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ.

ಕಣ್ಣು ನೋಡಿ, ಬೆರಳು ಒತ್ತುವ ಹೊತ್ತಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಕಳೆದುಹೋಗಿರುತ್ತದೆ. ನಮ್ಮ ಶರೀರವೇ ಹಾಗೆ, ಎಷ್ಟು ದುಡ್ಡಿನ ಕ್ಯಾಮೆರಾ ಇದ್ದರೂ ಇದು ಬದಲಾಗಲ್ಲ. ಮೂರನೇ ಕಾಲದಲ್ಲಿ, ಅಂದರೆ ತುಂಬಾ ವೇಗದಲ್ಲಿ, ಅಡವು (ನೃತ್ಯದ ಮೂಲ ಹೆಜ್ಜೆ) ನಡೆಯುವಾಗ ಅಷ್ಟರಲ್ಲಿ ಕೈ ಇನ್ನೆಲ್ಲೋ ಹೋಗಿ ಆಗಿರುತ್ತದೆ. ಚೆನ್ನಾಗಿದೆ ಅಂತ ನೋಡಿ ಒತ್ತಿದರೆ ಸಿಗೋದು ಅದರ ಮುಂದಿನದು. ಸೆಕೆಂಡಿಗೆ ಹತ್ತು ಫ್ರೇಮ್ ಹೊಡೆಯಬಹುದಲ್ವಾ ಅಂತ ಕೇಳುತ್ತಾರೆ. ಹೊಡೆಯಬಹುದು. ಬೇಕಾದದ್ದು ಎರಡು ಫ್ರೇಮಿನ ನಡುವೆ ಜಾರಿಹೋಗುತ್ತದೆ, ಮೇಲಿಂದ ಮನೆಗೆ ಬಂದು ರಾತ್ರಿಯೆಲ್ಲಾ ರಾಶಿ ಫೋಟೊ ಹೆಕ್ಕುತ್ತಾ ಕೂರಬೇಕು.

ಹಾಗಾಗಿ ಮಲ್ಲೇಶ್ವರದಲ್ಲಿ ಮೃದಂಗದ ಪಾಠಕ್ಕೆ ಸೇರಿಕೊಂಡೆ. ನುಡಿಸುವ ಆಸೆಗಲ್ಲ (ನನ್ನ ಮೃದಂಗ ಈಗಲೂ ಯಾರೂ ಕೇಳುವಂತಿಲ್ಲ), ಎಣಿಕೆ ಕಿವಿಗೆ ಹತ್ತಲಿ ಅಂತ. ಆದಿತಾಳ ಅಂದರೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲೆ ತಿರುಗಿಸೋದು), ಪೆಟ್ಟು-ಹುಸಿ, ಒಟ್ಟು ಎಂಟು. ಇದು ತೊಡೆಯ ಮೇಲೆ ತಾನಾಗಿ ಬೀಳೋಕೆ ಶುರುವಾದ ಮೇಲೆ ಜತಿ (ನೃತ್ಯಕ್ಕೆ ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳು) ಕೇಳುವ ರೀತಿಯೇ ಬೇರೆಯಾಯಿತು. ಜತಿಯ ಕೊನೆಗೆ ತೀರ್ಮಾನ ಅನ್ನೋ ಮುಕ್ತಾಯ ಬರುತ್ತದೆ, ಸಾಮಾನ್ಯವಾಗಿ ಒಂದೇ ಸೊಲ್ಲುಕಟ್ಟು ಮೂರು ಸಲ. ನಟುವಾಂಗದವರು (ತಾಳ ಹಾಕುತ್ತಾ ಜತಿ ಹೇಳುವವರು) ಮೊದಲ ಸಲ ‘ತದಿಂಗಿಣತೋಂ’ ಅಂದಾಗ ನನಗೆ ವಿಷಯ ಗೊತ್ತಾಗಿಬಿಡುತ್ತದೆ. ಎರಡನೇ ಸಲಕ್ಕೆ ಚೌಕಟ್ಟು ಸರಿಮಾಡಿಕೊಂಡು ಫೋಕಸ್ ಹಿಡಿದಿರುತ್ತೇನೆ. ಮೂರನೇ ಸಲ ‘ತೋಂ’ ಬೀಳುವುದಕ್ಕೆ ಸ್ವಲ್ಪ ಮೊದಲೇ ಬೆರಳು ಒತ್ತಿರುತ್ತದೆ.

ಸ್ವಲ್ಪ ಮೊದಲೇ ಯಾಕೆ? ಕಲಾವಿದೆ ಅರೆಮಂಡಿಯಲ್ಲಿ (ಮಂಡಿ ಬಾಗಿಸಿ ಅರ್ಧ ಕೂತ ಭಂಗಿ) ಬಂದು ನಿಂತ ಮೇಲೆ ಎಲ್ಲಾ ಸರಿಯಾಗಿಯೇ ಇರುತ್ತದೆ, ಮದುವೆ ಆಲ್ಬಮ್ಮಿನ ಗ್ರೂಪ್ ಫೋಟೊ ಥರ. ಅದಕ್ಕಿಂತ ಅರ್ಧ ಎಣಿಕೆ ಮುಂಚೆ ನೋಡಿ. ಹಿಮ್ಮಡಿ ಇನ್ನೂ ನೆಲಕ್ಕೆ ತಾಗಿಲ್ಲ, ಜಡೆ ಗಾಳಿಯಲ್ಲಿದೆ, ಮುಂದಿನ ನೆರಿಗೆ ಬೀಸಣಿಗೆ ಅರ್ಧ ಮಾತ್ರ ಬಿಚ್ಚಿದೆ, ಮುಖ ಮಾತ್ರ ಆಗಲೇ ತಲುಪಬೇಕಾದ ಕಡೆ ತಲುಪಿದೆ. ನನಗೆ ಬೇಕಾದದ್ದು ಅದು. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಕೆಳಗೆ ಇಳಿಸಲ್ಲ, ಜಿಗಿತ ಇದ್ದರೆ 1/500. ಸೈಲೆಂಟ್ ಶಟರ್ ಬಳಸುವವರು ಮೊದಲು ಒಂದೆರಡು ಫೋಟೊ ಹಿಗ್ಗಿಸಿ ನೋಡಿಕೊಳ್ಳಿ, ಕೆಲವು ಎಲ್‌ಇಡಿ ದೀಪಗಳ ಕೆಳಗೆ ಅಡ್ಡ ಪಟ್ಟಿ ಬರುತ್ತದೆ.

ಒಂದು ಕಲೆಯವರು ಇನ್ನೊಂದು ಕಲೆ ಕಲಿಯೋದೇನು ನನ್ನ ಹೊಸ ಶೋಧ ಅಲ್ಲ ಬಿಡಿ. ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಯಾರ ಹೆಸರಿದೆಯೋ ಆ ಚಿತ್ರಕಲಾವಿದ ಕೆ. ವೆಂಕಟಪ್ಪ ಬಣ್ಣ ಬದಿಗಿಟ್ಟು ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು. ಇಲ್ಲಿಯ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಬೊಂಬಾಯಿಗೆ ಹೋದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ, ಅದೇ 2008ರ ಫಾಲ್ಕೆ ಪ್ರಶಸ್ತಿಯವರು, ಪಿಟೀಲು ನುಡಿಸುತ್ತಿದ್ದರು. ಫ್ರಾನ್ಸಿನ ಫೋಟೊಗ್ರಾಫರ್ ಕಾರ್ತಿಯೇ-ಬ್ರೆಸೋನ್ ಮೊದಲು ಕಲಿತದ್ದೇ ಚಿತ್ರಕಲೆ, 1970ರ ದಶಕದಲ್ಲಿ ಕ್ಯಾಮೆರಾ ಕೆಳಗಿಟ್ಟು ಮತ್ತೆ ಪೆನ್ಸಿಲ್ ಹಿಡಿದರು. ಫೋಟೊಗ್ರಫಿ ಕಲೆಯೋ ಅಲ್ಲವೋ ಅನ್ನೋ ಹಳೇ ಜಗಳ ನನಗೆ ಬೇಡ. ಬೇರೆ ಯಾವುದಾದರೂ ಕಲೆಯನ್ನು ಕೈಯಿಂದ ಮಾಡಿ ನೋಡಿದರೆ ಫೋಟೊ ಬದಲಾಗುತ್ತದೆ, ನನಗೆ ಅಷ್ಟು ಸಾಕು.

ಪೆನ್ಸಿಲ್ ಅಂದೆನಲ್ಲ, ಅದು ಉಪಯೋಗಕ್ಕೆ ಬಂದಿದ್ದು ಯಕ್ಷಗಾನದಲ್ಲಿ. ಮಳೆಗಾಲದಲ್ಲಿ ಊರಿನ ಬಯಲಾಟ ನಿಂತಿರುತ್ತದೆ, ಕರಾವಳಿಯ ಕಲಾವಿದರು ಇಲ್ಲಿ ರವೀಂದ್ರ ಕಲಾಕ್ಷೇತ್ರದಂಥ ಕಡೆ ಆಟ ಆಡುತ್ತಾರೆ. ನಾನು ಬೇಗ ಹೋಗಿ ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಜಾಗ) ಒಂದು ಮೂಲೆ ಹಿಡಿದು ಸುಮ್ನೆ ಕಲಾವಿದರ ಮುಖಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತಾ ಕೂರುತ್ತೇನೆ. ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿ) ಬಣ್ಣದ ವೇಷ, ಅಂದರೆ ರಾಕ್ಷಸರಂಥ ಪಾತ್ರ, ಗೊತ್ತಲ್ಲ, ಮುಖದ ಮೇಲೆ ಅಕ್ಕಿ-ಸುಣ್ಣ ಅರೆದು ಮುಳ್ಳಿನ ಹಾಗೆ ಚಿಟ್ಟಿ ಇಡುತ್ತಾರೆ, ಒಂದೊಂದಾಗಿ, ಕೈಗನ್ನಡಿ ನೋಡಿಕೊಂಡು, ಗಂಟೆಗಟ್ಟಲೆ. ಆ ಮುಳ್ಳುಗಳನ್ನು ಬರೆಯಲು ಹೋದರೆ ನೆರಳು ಹಾಕದೆ ಬರೆಯೋಕೇ ಆಗಲ್ಲ. ಅಲ್ಲಿಂದ ಪಕ್ಕದ ಬೆಳಕು ಹುಡುಕುವ ಅಭ್ಯಾಸ ಬಂತು. ಎದುರಿನಿಂದ ಬೆಳಕು ಬಿದ್ದರೆ ಚಿಟ್ಟಿ ಬರೀ ಬಿಳಿ ಚುಕ್ಕೆ, ಪಕ್ಕದಿಂದ ಬಿದ್ದರೆ ಒಂದೊಂದಕ್ಕೂ ಪುಟ್ಟ ನೆರಳು. ಅದಕ್ಕೇ ಮಧ್ಯದ ಸೀಟು ಬಿಟ್ಟು ಗೋಡೆ ಪಕ್ಕ ನಿಲ್ಲುತ್ತೇನೆ. ಇನ್ನೊಂದು, ಕಣ್ಣಿನ ಸುತ್ತ ಬಳಿದ ಕಪ್ಪು ನಿಜವಾದ ಕಣ್ಣಿಗಿಂತ ಎಷ್ಟೋ ದೊಡ್ಡದು. ಕಣ್ಣು ಹುಡುಕುವ ಆಟೋಫೋಕಸ್ ಅಲ್ಲಿ ತಬ್ಬಿಬ್ಬಾಗುತ್ತದೆ. ಒಂದೇ ಪಾಯಿಂಟ್ ಇಟ್ಟುಕೊಂಡು ಮೂಗಿನ ಬುಡಕ್ಕೆ ಹಿಡಿಯೋದು ವಾಸಿ.

ಬೆಳಕಿನ ವಿಷಯದಲ್ಲಿ ಒಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ದೊಂದಿ, ಗ್ಯಾಸ್‌ಲೈಟಿನ ಕಾಲದಲ್ಲಿ ಬೆಳೆದುಬಂದ ಹಳದಿ-ಕೆಂಪು ಬಣ್ಣಗಾರಿಕೆ ಯಕ್ಷಗಾನದ್ದು. ಅದರ ಮೇಲೆ ನೀಲಿ ಎಲ್‌ಇಡಿ ಸುರಿದರೆ ಕೆಂಪೆಲ್ಲಾ ಕಪ್ಪಾಗಿ ಕಾಣುತ್ತದೆ, ಏಕೆಂದರೆ ಕೆಂಪು ಬಣ್ಣಕ್ಕೆ ವಾಪಸ್ ಕಳಿಸಲು ನೀಲಿ ಬೆಳಕಿನಲ್ಲಿ ಏನೂ ಇರಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಆ ಕೆಂಪು ಬರಲ್ಲ. ಆಟ ಶುರುವಾಗುವ ಮೊದಲೇ ಲೈಟಿನವರ ಹತ್ತಿರ ಹೋಗಿ, ಅಣ್ಣಾ, ಒಡ್ಡೋಲಗಕ್ಕಾದರೂ (ವೇಷ ಮೊದಲು ರಂಗಕ್ಕೆ ಬರುವ ಹೊತ್ತು) ಬಿಳಿ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಅರ್ಧ ಜನ ಬಿಡುತ್ತಾರೆ.

ಇನ್ನು ಯಾವ ಫೋಟೊ ಚೆನ್ನಾಗಿದೆ ಅಂತ ತೀರ್ಮಾನಿಸುವವರು ಯಾರು? ನೃತ್ಯದ ಗುರುಗಳಿಗೂ ನನಗೂ ಇದರಲ್ಲಿ ಒಮ್ಮತವೇ ಇಲ್ಲ. ನಾನು ಹೆಮ್ಮೆಯಿಂದ ಜಡೆ ಹಾರಿದ ಫೋಟೊ ತೋರಿಸಿದರೆ, ಅವರು ಬೆರಳಿಟ್ಟು, “ಸರ್, ಅಲಪದ್ಮ ಮುದ್ರೆ ಪೂರ್ತಿ ಅರಳಿಲ್ಲ, ಮಂಡಿಯೂ ಕೂತಿಲ್ಲ, ಇದನ್ನು ಹಾಕಬೇಡಿ” ಅನ್ನುತ್ತಾರೆ. ಅವರ ಕಡೆಯಿಂದ ಅದು ನೂರಕ್ಕೆ ನೂರು ಸರಿ, ವರ್ಷಗಟ್ಟಲೆ ತಿದ್ದಿದ ಕೈ ಅದು. ವಾದ ಮಾಡೋದು ಬಿಟ್ಟಿದ್ದೇನೆ. ಈಗ ಎರಡು ಫೋಲ್ಡರ್ ಕೊಡುತ್ತೇನೆ: ಒಂದರಲ್ಲಿ ‘ತೋಂ’ ಮೇಲಿನವು, ಇನ್ನೊಂದರಲ್ಲಿ ‘ತೋಂ’ಗೆ ಮುಂಚಿನವು. ಆಹ್ವಾನ ಪತ್ರಿಕೆಗೆ, ಗೋಡೆಗೆ ಮೊದಲನೆಯದರಿಂದಲೇ ಹೋಗುತ್ತವೆ. ಎರಡನೆಯದನ್ನು ಹುಡುಗಿಯರು ಕೇಳಿ ಇಸಿದುಕೊಂಡು ವಾಟ್ಸಾಪ್ ಡಿಪಿಗೆ ಹಾಕಿಕೊಳ್ಳುತ್ತಾರೆ, ಗುರುಗಳಿಗೆ ಹೇಳಬೇಡಿ ಅಂಕಲ್ ಅಂತ ಬೇರೆ.