ಬಂಟ್ವಾಳದಿಂದ ಕಲೋನ್‌ಗೆ: ಜಾಝ್ ಓದಲು ನಾನು ದುಡ್ಡು ಹೊಂದಿಸಿದ ದಾರಿ

ಜಾಝ್ ಕಲಿಯಲು ಹೊರದೇಶಕ್ಕೆ ಹೋಗಬೇಕು ಅನ್ನುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, "ಫುಲ್ ಸ್ಕಾಲರ್‌ಶಿಪ್ ಎಲ್ಲಿ ಸಿಗುತ್ತೆ?" ಅಂತ. ಅದಕ್ಕಿಂತ ಮೊದಲು ಫೀಸೇ ಇಲ್ಲದ ಊರು ಯಾವುದು ನೋಡಿ ಅನ್ನುತ್ತೇನೆ. ಫೀಸು ಇಲ್ಲದಿದ್ದರೆ ಸಣ್ಣ ಸ್ಕಾಲರ್‌ಶಿಪ್ ಕೂಡ ದೊಡ್ಡದಾಗುತ್ತದೆ. ಜರ್ಮನಿಯ ಕಲೋನ್‌ನಲ್ಲಿ ನಾನು ಸ್ಯಾಕ್ಸೋಫೋನ್ ಓದುತ್ತಿರುವುದು ಹಾಗೆಯೇ.

ಅಮೆರಿಕದ ಬೋಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜಿನ ಹೆಸರು ಎಲ್ಲರಿಗೂ ಗೊತ್ತು. ಪೂರ್ತಿ ಖರ್ಚು ಕೊಡುವ ಸ್ಕಾಲರ್‌ಶಿಪ್ ಅಲ್ಲಿಯೂ ಇದೆ, ಸಿಗುವುದು ಬೆರಳೆಣಿಕೆಯ ಜನಕ್ಕೆ. ಟ್ಯೂಷನ್ ಫೀಸೊಂದೇ ವರ್ಷಕ್ಕೆ 50,000 ಡಾಲರ್ ಆಸುಪಾಸು. ಅರ್ಧ ಮನ್ನಾ ಆದರೂ ಉಳಿದ ಅರ್ಧ ನಮ್ಮ ಮನೆಯಿಂದ ಆಗುವ ಮಾತಲ್ಲ. ಲಾಸ್ ಏಂಜಲಿಸ್‌ನ ಹರ್ಬಿ ಹ್ಯಾನ್ಕಾಕ್ ಇನ್‌ಸ್ಟಿಟ್ಯೂಟ್ ಫೀಸನ್ನೂ ತಿಂಗಳ ಖರ್ಚನ್ನೂ ಕೊಡುತ್ತದೆ. ಆದರೆ ಒಂದು ಸಲಕ್ಕೆ ಒಂದು ಬ್ಯಾಂಡ್‌ಗೆ ಬೇಕಾಗುವಷ್ಟೇ ಜನರನ್ನು ತೆಗೆದುಕೊಳ್ಳುತ್ತಾರೆ.

ಜರ್ಮನಿಯ ಸರ್ಕಾರಿ ಸಂಗೀತ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕ ಬೇರೆ. ಕಲೋನ್, ಬರ್ಲಿನ್, ವೈಮಾರ್, ಎಲ್ಲ ಕಡೆ ಜಾಝ್ ವಿಭಾಗಗಳಿವೆ. ಬಹುತೇಕ ರಾಜ್ಯಗಳಲ್ಲಿ ಬ್ಯಾಚುಲರ್ ಓದಲು ಟ್ಯೂಷನ್ ಫೀಸಿಲ್ಲ. ಸೆಮಿಸ್ಟರ್ ಶುಲ್ಕ ಅಂತ ಒಂದಿಷ್ಟು ಕಟ್ಟಬೇಕು, ಅಷ್ಟೇ. ಆದರೆ ಮಾನ್‌ಹೈಮ್, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರು 2017ರಿಂದ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಅರ್ಜಿ ಹಾಕುವ ಮೊದಲು ಊರು ಯಾವ ರಾಜ್ಯದಲ್ಲಿದೆ ಅಂತ ನೋಡಿಕೊಳ್ಳಿ.

ನಾನು ಬೆಳೆದದ್ದು ಬಂಟ್ವಾಳದ ಕಡೆ. ಸ್ಯಾಕ್ಸೋಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರ ಊರಿನ ಸೀಮೆ. ನಮ್ಮಲ್ಲಿ ದೇವಸ್ಥಾನದ ಉತ್ಸವಕ್ಕೆ, ಮದುವೆ ಮಂಟಪಕ್ಕೆ ಸ್ಯಾಕ್ಸೋಫೋನ್ ಇದ್ದೇ ಇರುತ್ತದೆ. ಹಾಗಾಗಿ ವಾದ್ಯ ಕೈಗೆ ಬಂದದ್ದು ಕರ್ನಾಟಕ ಸಂಗೀತದ ವರ್ಣ, ಕೀರ್ತನೆಗಳ ಮೂಲಕ. ಕದ್ರಿಯವರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ ಆಲ್ಬಮ್ 2008ರಲ್ಲಿ ಬಂದಿತ್ತು. ಅದನ್ನು ಕೇಳಿದ ಮೇಲೆ ನನಗೆ ಜಾಝ್ ಹುಚ್ಚು ಹಿಡಿಯಿತು.

ಪ್ರವೇಶ ಪರೀಕ್ಷೆಯ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸೀಟು ಸಿಗುವುದು, ಆಮೇಲೆ ಸ್ಕಾಲರ್‌ಶಿಪ್ ಸಿಗುವುದು, ಎರಡಕ್ಕೂ ಬುಡ ಅದೇ. ಪಿಯುಸಿ ಅಂಕಗಳಿಗಿಂತ ಅಲ್ಲಿ ನೀವು ಹೇಗೆ ನುಡಿಸುತ್ತೀರಿ ಅನ್ನುವುದೇ ಮುಖ್ಯ. ಮೊದಲು ವಿಡಿಯೋ ಕಳಿಸಬೇಕು. ಅದು ಮೆಚ್ಚುಗೆಯಾದರೆ ಕರೆಯುತ್ತಾರೆ. ಕೋಣೆಯಲ್ಲಿ ಪಿಯಾನೋ, ಬಾಸ್, ಡ್ರಮ್ಸ್ ನುಡಿಸುವವರು ಕಾಯುತ್ತಿರುತ್ತಾರೆ. ಅವರನ್ನು ನೀವು ಆವರೆಗೆ ನೋಡಿರುವುದಿಲ್ಲ. ಒಂದು ಸ್ವಿಂಗ್, ಒಂದು ಬ್ಯಾಲಡ್, ಒಂದು ವೇಗದ ಬೀಬಾಪ್, ಹೀಗೆ ಬೇರೆ ಬೇರೆ ಬಗೆಯವನ್ನು ಅವರ ಜೊತೆ ನುಡಿಸಬೇಕು. ಎಣಿಸಿ ಶುರು ಮಾಡಿಸುವುದು, ಅಂದರೆ ಕೌಂಟ್ ಕೊಡುವುದು, ನೀವೇ. ಗತಿ ಸರಿಯಾಗಿ ಕೊಡದಿದ್ದರೆ ಮೊದಲ ನಾಲ್ಕು ಬಾರ್‌ನಲ್ಲೇ (ಬಾರ್ ಅಂದರೆ ತಾಳದ ಒಂದು ಸುತ್ತು) ಗೊತ್ತಾಗುತ್ತದೆ.

ಕಲ್ಪನಾಸ್ವರ ಹಾಕಿ ಅಭ್ಯಾಸ ಇರುವವರಿಗೆ ಮನೋಧರ್ಮದ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವ, ಭಯ ಇರುವುದಿಲ್ಲ. ಅದು ನಮ್ಮ ದೊಡ್ಡ ಬಲ. ಆದರೆ ನಮ್ಮಲ್ಲಿ ರಾಗ ನಿಂತಿರುತ್ತದೆ, ಶ್ರುತಿ ಕದಲುವುದಿಲ್ಲ. ಜಾಝ್‌ನಲ್ಲಿ ಕಾಲ ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಪ್ರತಿ ಬಾರ್‌ಗೂ ಬದಲಾಗಬಹುದು. ಅದಕ್ಕಾಗಿ ಜಾಝ್ ಸ್ಯಾಕ್ಸೋಫೋನ್ ದಿಗ್ಗಜರಾದ ಲೆಸ್ಟರ್ ಯಂಗ್, ಚಾರ್ಲಿ ಪಾರ್ಕರ್ ಸೋಲೋಗಳನ್ನು ಕಿವಿಯಿಂದಲೇ ಎತ್ತಿ, ಮೊದಲು ಬಾಯಲ್ಲಿ ಹಾಡಿ, ಆಮೇಲೆ ವಾದ್ಯದಲ್ಲಿ ಹನ್ನೆರಡೂ ಶ್ರುತಿಗಳಲ್ಲಿ ನುಡಿಸುತ್ತಿದ್ದೆ. ಸುಮ್ನೆ ಬರೆದದ್ದನ್ನು ನೋಡಿ ನುಡಿಸಿದರೆ ಆ ತೂಗುವ ಲಯ, ಸ್ವಿಂಗ್, ಬರುವುದೇ ಇಲ್ಲ.

ಥಿಯರಿ ಪತ್ರಿಕೆಯ ಜೊತೆ ಕಿವಿಯ ಪರೀಕ್ಷೆಯೂ ಇರುತ್ತದೆ. ಪಿಯಾನೋ ಕೂಡ ಸ್ವಲ್ಪ ಬರಬೇಕು. ನನಗೆ ಪಿಯಾನೋ ಹೇಳಿಕೊಟ್ಟವರು ಮಂಗಳೂರಿನ ಒಂದು ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಮಾಸ್ಟ್ರು. ನಾಲ್ಕು ದನಿಗಳ ಹಾರ್ಮನಿ ಅವರಿಗೆ ಬೆರಳ ತುದಿಯಲ್ಲಿತ್ತು. ಕರಾವಳಿಯಲ್ಲಿ ಪಿಯಾನೋ ಗುರು ಸಿಗುವುದಿಲ್ಲ ಅನ್ನುವವರು ಒಮ್ಮೆ ಇಗರ್ಜಿಯ ಕಡೆ ಹೋಗಿ ಕೇಳಿ.

ಕಲೋನ್ ಯಾಕೆ ಅಂತ ಪರೀಕ್ಷಕರು ಕೇಳಿದರು. ಚಾರ್ಲಿ ಮಾರಿಯಾನೋ ಹೆಸರು ಹೇಳಿದೆ. ಬರ್ಕ್ಲೀಯಲ್ಲಿ ಕಲಿಸಿದ್ದ ಈ ಸ್ಯಾಕ್ಸೋಫೋನ್ ವಾದಕರು 1980ರ ದಶಕದಲ್ಲಿ ಬೆಂಗಳೂರಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ರೆಕಾರ್ಡ್ ಮಾಡಿದ್ದರು. ಕೊನೆಯ ವರ್ಷಗಳಲ್ಲಿ ಅವರು ಕಲೋನ್‌ನಲ್ಲೇ ಇದ್ದು, 2009ರಲ್ಲಿ ಅಲ್ಲೇ ತೀರಿಕೊಂಡರು. ನನ್ನ ಎರಡೂ ಸಂಗೀತ ಒಂದೇ ಕಡೆ ಸೇರಿದ ಊರು ಅದು ಅಂದೆ. ನಿಜವಾಗಿ ನನಗೆ ಹಾಗೇ ಅನಿಸಿತ್ತು.

ದುಡ್ಡಿನ ಕಷ್ಟ ಮೊದಲ ವರ್ಷದ್ದೇ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ತೋರಿಸಬೇಕಿತ್ತು. ಅದು ನಮ್ಮದೇ ಹಣ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಆದರೂ ಒಮ್ಮೆಗೆ ಅಷ್ಟು ಕೂಡಿಸಬೇಕಲ್ವಾ? ಒಂದು ಬ್ಯಾಂಕ್‌ನವರು ಸ್ಯಾಕ್ಸೋಫೋನ್ ಓದಲು ಸಾಲವೇ ಅಂತ ವಾಪಸ್ ಕಳಿಸಿದರು. ಕೊನೆಗೆ ಅಮ್ಮನ ಚಿನ್ನದ ಮೇಲೆ ಸಹಕಾರಿ ಸಂಘದವರು ಕೊಟ್ಟರು. ಮದುವೆ ಸೀಸನ್ನಿನಲ್ಲಿ ನುಡಿಸಿದ ದುಡ್ಡು ಇತ್ತು. ಉಳಿದದ್ದು ಮಾವ ಕೊಟ್ಟರು.

ಓದು ಶುರುವಾದ ಮೇಲೆ ಡಾಯಿಚ್‌ಲಾಂಡ್‌ಸ್ಟಿಪೆಂಡಿಯಂ ಅನ್ನುವ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದೆ. ತಿಂಗಳಿಗೆ 300 ಯೂರೋ. ಅರ್ಧ ಜರ್ಮನಿಯ ಕೇಂದ್ರ ಸರ್ಕಾರದ್ದು, ಅರ್ಧ ಖಾಸಗಿ ದಾನಿಗಳದ್ದು. ಯಾವ ದೇಶದವರಾದರೂ ಹಾಕಬಹುದು. ಬರೀ ಅಂಕ ನೋಡುವುದಿಲ್ಲ, ಮನೆಯ ಪರಿಸ್ಥಿತಿ, ಸಮಾಜಕ್ಕೆ ಮಾಡಿದ ಕೆಲಸ ಎಲ್ಲ ಲೆಕ್ಕಕ್ಕೆ ಬರುತ್ತದೆ. ಊರಿನ ಮಕ್ಕಳಿಗೆ ಪುಕ್ಕಟೆ ಸ್ಯಾಕ್ಸೋಫೋನ್ ಹೇಳಿಕೊಡುತ್ತಿದ್ದದ್ದನ್ನು ನಾನು ವಿವರವಾಗಿ ಬರೆದೆ. ನೀವೂ ಅಂಥದ್ದನ್ನು ಸಂಕೋಚ ಪಟ್ಟು ಬಿಡಬೇಡಿ. ಆ 300 ಯೂರೋದಲ್ಲಿ ಬಾಡಿಗೆಯ ದೊಡ್ಡ ಪಾಲು ಕಳೆಯುತ್ತದೆ. ಇದರ ಜೊತೆ ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು. ಈಗಾಗಲೇ ಸಂಗೀತದ ಡಿಗ್ರಿ ಆಗಿದ್ದು ಮಾಸ್ಟರ್ಸ್‌ಗೆ ಹೋಗುವವರಾದರೆ ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ (DAAD) ಕೊಡುವ ಸಂಗೀತ ಸ್ಕಾಲರ್‌ಶಿಪ್ ನೋಡಿ. ಅದರಲ್ಲಿ ತಿಂಗಳ ಖರ್ಚು ಪೂರ್ತಿ ಬರುತ್ತದೆ. ಆದರೆ ಕಾಲೇಜಿನ ಸೀಟನ್ನು ಪ್ರತ್ಯೇಕವಾಗಿ ಗಿಟ್ಟಿಸಬೇಕು.

ಇನ್ನೆರಡು ಮಾತು. ಪ್ರವೇಶ ಪರೀಕ್ಷೆಗೆ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಹೋದರೆ ಅಲ್ಲೇ ಉಳಿದು ಓದಲು ಆಗುವುದಿಲ್ಲ. ವಾಪಸ್ ಬಂದು ವಿದ್ಯಾರ್ಥಿ ವೀಸಾ ಮಾಡಿಸಬೇಕು, ಅದಕ್ಕೆ ಬೇಕಾಗುವ, ನಮ್ಮ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಮೊದಲೇ ಹಾಕಿಡಿ. ಇನ್ನು ಜರ್ಮನ್ ಭಾಷೆ: ಹೆಚ್ಚಿನ ಕಡೆ ಬಿ1 ಅಥವಾ ಬಿ2, ಅಂದರೆ ಮಧ್ಯಮ ಮಟ್ಟದ ಭಾಷೆ, ಕೇಳುತ್ತಾರೆ. ಬೆಂಗಳೂರಿನಲ್ಲಿರುವವರಿಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಬೇರೆ ಊರಿನವರು ಆನ್‌ಲೈನ್ ಸೇರಬಹುದು. ವಿಡಿಯೋ ಕಳಿಸುವ ಕನಿಷ್ಠ ಒಂದು ವರ್ಷ ಮೊದಲು ಶುರು ಮಾಡಿ, ಥಿಯರಿ ಕ್ಲಾಸು ಜರ್ಮನ್‌ನಲ್ಲೇ ನಡೆಯುತ್ತದೆ.